ಮೋತಿಹಾರಿಯ ಕಟಕಟೆ: ಗಾಂಧೀಜಿ ತಪ್ಪೊಪ್ಪಿಕೊಂಡ ಮಧ್ಯಾಹ್ನ

ಬಿಹಾರದ ಉತ್ತರ ಭಾಗದಲ್ಲಿ, ನೇಪಾಳದ ಗಡಿಗೆ ಸಮೀಪದಲ್ಲಿರುವ ಪಟ್ಟಣ ಮೋತಿಹಾರಿ. ಪೂರ್ವ ಚಂಪಾರಣ್ ಜಿಲ್ಲೆಯ ಕೇಂದ್ರವಾದ ಈ ಊರಿನಲ್ಲಿ ಚುನಾರ್ ಕಲ್ಲಿನಿಂದ ಕಟ್ಟಿದ 48 ಅಡಿ ಎತ್ತರದ ಸ್ತಂಭವೊಂದಿದೆ. ಶಾಂತಿನಿಕೇತನದ ಕಲಾವಿದ ನಂದಲಾಲ್ ಬೋಸ್ ಅದರ ವಿನ್ಯಾಸಕಾರರು. 1978ರ ಏಪ್ರಿಲ್ 18ರಂದು ಲೋಕಾರ್ಪಣೆಗೊಂಡ ಈ ಸ್ತಂಭ ನಿಂತಿರುವುದು ಹಿಂದೆ ಉಪವಿಭಾಗೀಯ ಮ್ಯಾಜಿಸ್ಟ್ರೇಟರ ನ್ಯಾಯಾಲಯವಿದ್ದ ಜಾಗದಲ್ಲಿ. ಅದಕ್ಕೂ 61 ವರ್ಷಗಳ ಹಿಂದೆ, 1917ರ ಅದೇ ಏಪ್ರಿಲ್ 18ರಂದು, ಮೋಹನದಾಸ ಕರಮಚಂದ ಗಾಂಧಿ ಎಂಬ ಬ್ಯಾರಿಸ್ಟರ್ ಅಲ್ಲಿ ಆರೋಪಿಯಾಗಿ ನಿಂತಿದ್ದರು.

ಅಂದಿನ ವಿಚಾರಣೆ ಕೆಲವೇ ಗಂಟೆಗಳಲ್ಲಿ ಮುಗಿಯಿತು. ಸಾಕ್ಷಿಗಳ ಪಾಟೀಸವಾಲು ನಡೆಯಲಿಲ್ಲ, ವಕೀಲರ ವಾದ ನಡೆಯಲಿಲ್ಲ, ಶಿಕ್ಷೆಯೂ ಆಗಲಿಲ್ಲ. ಆದರೂ ಭಾರತದ ನೆಲದಲ್ಲಿ ಗಾಂಧೀಜಿಯವರ ರಾಜಕೀಯ ಜೀವನ ಆರಂಭವಾದದ್ದು ಎಲ್ಲಿ ಎಂಬ ಪ್ರಶ್ನೆಗೆ ಇತಿಹಾಸಕಾರರು ಈ ನ್ಯಾಯಾಲಯದತ್ತ ಬೆರಳು ತೋರಿಸುತ್ತಾರೆ. ಇದಕ್ಕೆ ಕಾರಣ ತಿಳಿಯಬೇಕಾದರೆ ಅವರಿಗೂ ನ್ಯಾಯಾಲಯಗಳಿಗೂ ಇದ್ದ ಹಳೆಯ ನಂಟನ್ನು ಮೊದಲು ನೋಡಬೇಕು.

ಬಾಯಿ ಬಾರದ ಬ್ಯಾರಿಸ್ಟರ್

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದ ಗಾಂಧಿ ಲಂಡನ್ನಿನ ಇನ್ನರ್ ಟೆಂಪಲ್‌ನಲ್ಲಿ ಕಾನೂನು ಓದಿ, 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು. ಸ್ವದೇಶಕ್ಕೆ ಮರಳಿ ಮುಂಬಯಿಯಲ್ಲಿ ವಕೀಲಿ ವೃತ್ತಿ ಆರಂಭಿಸಿದಾಗ ಅವರಿಗೆ ಸಿಕ್ಕ ಮೊದಲ ಮೊಕದ್ದಮೆ ಸಣ್ಣ ವ್ಯಾಜ್ಯಗಳ ನ್ಯಾಯಾಲಯದ್ದು. ಮಮೀಬಾಯಿ ಎಂಬ ಮಹಿಳೆಯ ಪರವಾಗಿ ಮೂವತ್ತು ರೂಪಾಯಿ ಶುಲ್ಕಕ್ಕೆ ಅವರು ಹಾಜರಾಗಿದ್ದರು. ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಲು ಎದ್ದು ನಿಂತ ತರುಣ ಬ್ಯಾರಿಸ್ಟರಿಗೆ ತಲೆ ಸುತ್ತಿತು, ನಾಲಿಗೆ ಒಣಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟ ಅವರು, ತಮ್ಮಿಂದ ಈ ಕೆಲಸ ಆಗದೆಂದೂ ಬೇರೆ ವಕೀಲರನ್ನು ನೇಮಿಸಿಕೊಳ್ಳಬೇಕೆಂದೂ ಹೇಳಿ ಹಣ ಹಿಂದಿರುಗಿಸಿ ಹೊರಬಂದರು. ಮೊಕದ್ದಮೆಯ ಗತಿ ಏನಾಯಿತೆಂದು ನೋಡಲೂ ನಿಲ್ಲಲಿಲ್ಲ.

ಎರಡನೆಯ ಪ್ರಸಂಗ ನಡೆದದ್ದು ದಕ್ಷಿಣ ಆಫ್ರಿಕಾದಲ್ಲಿ. ದಾದಾ ಅಬ್ದುಲ್ಲಾ ಸಂಸ್ಥೆಯ ವ್ಯಾಜ್ಯವೊಂದಕ್ಕೆ ನೆರವಾಗಲು 1893ರ ಮೇ ತಿಂಗಳಲ್ಲಿ ಡರ್ಬನ್ ತಲುಪಿದ ಗಾಂಧಿ ಅಲ್ಲಿನ ನ್ಯಾಯಾಲಯಕ್ಕೆ ಹೋದಾಗ, ರುಮಾಲು ತೆಗೆಯುವಂತೆ ಮ್ಯಾಜಿಸ್ಟ್ರೇಟರು ಸೂಚಿಸಿದರು. ಗಾಂಧಿ ಒಪ್ಪದೆ ಎದ್ದು ಹೊರನಡೆದರು ಮತ್ತು ಪತ್ರಿಕೆಗೆ ಬರೆದರು. ಮುಂಬಯಿಯಲ್ಲಿ ಅಂಜಿಕೆಯಿಂದ ನ್ಯಾಯಾಲಯ ಬಿಟ್ಟಿದ್ದ ವ್ಯಕ್ತಿ ಡರ್ಬನ್ನಿನಲ್ಲಿ ಸ್ವಾಭಿಮಾನಕ್ಕಾಗಿ ನ್ಯಾಯಾಲಯ ಬಿಟ್ಟಿದ್ದರು.

ಮುಂದಿನ ವರ್ಷ ನೇಟಾಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ವಕೀಲರಾಗಿ ಪ್ರಮಾಣ ಸ್ವೀಕರಿಸಿದ ದಿನ ಅದೇ ರುಮಾಲಿನ ಪ್ರಶ್ನೆ ಮತ್ತೆ ಎದುರಾಯಿತು. ಆಗ ಅವರು ನ್ಯಾಯಾಲಯದ ನಿಯಮಕ್ಕೆ ತಲೆಬಾಗಿ ರುಮಾಲು ತೆಗೆದರು. ದೊಡ್ಡ ಹೋರಾಟಗಳಿಗೆ ಶಕ್ತಿಯನ್ನು ಉಳಿಸಿಕೊಳ್ಳಬೇಕೆಂಬ ವಿವೇಕ ಆ ಹೊತ್ತಿಗೆ ಅವರಲ್ಲಿ ಮೂಡಿತ್ತು. 1908ರ ಜನವರಿಯಲ್ಲಿ ನೋಂದಣಿ ಕಾಯಿದೆಯನ್ನು ಧಿಕ್ಕರಿಸಿದ್ದಕ್ಕಾಗಿ ಜೋಹಾನ್ಸ್‌ಬರ್ಗ್ ನ್ಯಾಯಾಲಯ ಅವರಿಗೆ ಎರಡು ತಿಂಗಳ ಸೆರೆವಾಸ ವಿಧಿಸಿತು. ತಾವು ಅನೇಕ ಸಲ ವಕೀಲರಾಗಿ ವಾದಿಸಿದ್ದ ನ್ಯಾಯಾಲಯದಲ್ಲೇ ಅಂದು ಅವರು ಆರೋಪಿಯಾಗಿ ನಿಂತಿದ್ದರು.

ಇಷ್ಟೆಲ್ಲ ಅನುಭವವಿದ್ದರೂ 1915ರ ಜನವರಿಯಲ್ಲಿ ಭಾರತಕ್ಕೆ ಮರಳಿದ ಗಾಂಧಿ ಇಲ್ಲಿನ ರಾಜಕೀಯಕ್ಕೆ ಹೊಸಬರು. ಗುರುಸಮಾನರಾದ ಗೋಪಾಲಕೃಷ್ಣ ಗೋಖಲೆಯವರ ಸಲಹೆಯಂತೆ ಒಂದು ವರ್ಷ ಅವರು ಸಾರ್ವಜನಿಕ ವಿವಾದಗಳಿಗೆ ಇಳಿಯದೆ ದೇಶ ಸುತ್ತಿದರು. ಗೋಖಲೆಯವರ ನಿಧನದ ನಂತರ, ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದು ಅವರ ಭಾವಚಿತ್ರ ಅನಾವರಣ ಮಾಡಿದ್ದೂ ಈ ಸುತ್ತಾಟದ ಅವಧಿಯಲ್ಲೇ. ದೇಶದ ಬಹುಪಾಲು ರೈತರಿಗೆ ಅವರು ಇನ್ನೂ ಅಪರಿಚಿತರಾಗಿದ್ದರು.

ಇಪ್ಪತ್ತರಲ್ಲಿ ಮೂರು ಪಾಲು

ಚಂಪಾರಣ್ ಎಂಬ ಹೆಸರನ್ನು ಗಾಂಧಿ ಮೊದಲು ಕೇಳಿದ್ದು ರಾಜಕುಮಾರ ಶುಕ್ಲ ಎಂಬ ರೈತನ ಬಾಯಿಂದ. 1916ರ ಡಿಸೆಂಬರಿನಲ್ಲಿ ಲಖನೌ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ ಶುಕ್ಲ, ತನ್ನ ಜಿಲ್ಲೆಗೆ ಬಂದು ರೈತರ ಪಾಡನ್ನು ಕಣ್ಣಾರೆ ನೋಡಬೇಕೆಂದು ಗಾಂಧೀಜಿಯವರ ಬೆನ್ನು ಹತ್ತಿದ. ಅವರು ಹೋದ ಊರಿಗೆಲ್ಲ ಹಿಂಬಾಲಿಸಿ, ಕೊನೆಗೆ ಕಲ್ಕತ್ತೆಯಿಂದ ಜೊತೆಯಲ್ಲೇ ರೈಲು ಹತ್ತಿಸಿಕೊಂಡು 1917ರ ಏಪ್ರಿಲ್ 10ರಂದು ಪಟ್ನಾಕ್ಕೆ ಕರೆತಂದ.

ಚಂಪಾರಣ್‌ನ ರೈತರು ಯುರೋಪಿಯನ್ ತೋಟದ ಒಡೆಯರ ಗೇಣಿದಾರರು. ಅಲ್ಲಿ ಒಂದು ಬಿಘಾ ಭೂಮಿ ಎಂದರೆ ಇಪ್ಪತ್ತು ಕಠಾ. ಪ್ರತಿ ಬಿಘಾದಲ್ಲಿ ಮೂರು ಕಠಾ ಜಾಗದಲ್ಲಿ ರೈತ ಕಡ್ಡಾಯವಾಗಿ ನೀಲಿ ಬೆಳೆದು ಒಡೆಯನಿಗೆ ಒಪ್ಪಿಸಬೇಕಿತ್ತು. ತೀನ್ ಕಠಿಯಾ ಎಂದು ಕರೆಯಲಾಗುತ್ತಿದ್ದ ಈ ಪದ್ಧತಿಯಲ್ಲಿ ಬೆಲೆ ನಿಗದಿ ಮಾಡುವವನು ಒಡೆಯನೇ. ಹೊಲದ ಒಳ್ಳೆಯ ಭಾಗವೇ ನೀಲಿಗೆ ಮೀಸಲಾಗುತ್ತಿತ್ತು.

1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಸಸ್ಯಜನ್ಯ ನೀಲಿಯ ಬೆಲೆ ಕುಸಿಯಿತು. ತೋಟದ ಒಡೆಯರು ಆ ನಷ್ಟವನ್ನು ರೈತರ ತಲೆಗೆ ಕಟ್ಟಿದರು. ನೀಲಿ ಬೆಳೆಯುವ ಕಟ್ಟುಪಾಡಿನಿಂದ ಬಿಡುಗಡೆ ಬೇಕಾದರೆ ಹೆಚ್ಚಿನ ಗೇಣಿಗೆ ಒಪ್ಪಬೇಕು, ಇಲ್ಲವೇ ತಾವಾನ್ ಎಂಬ ಹೆಸರಿನಲ್ಲಿ ಇಡಿಗಂಟು ಪರಿಹಾರ ತೆರಬೇಕು ಎಂದು ಬರೆಸಿಕೊಂಡರು. ತಾನು ಬೇಡಿಕೊಳ್ಳದ ಬೆಳೆಯಿಂದ ಪಾರಾಗಲು ರೈತ ಸಾಲ ಮಾಡಿ ಹಣ ಕೊಡಬೇಕಾಯಿತು. ಇದರ ಜೊತೆಗೆ ನಾನಾ ಬಗೆಯ ಅಕ್ರಮ ವಸೂಲಿಗಳಿದ್ದವು.

ಈ ರೈತರಿಗೆ ಮೋತಿಹಾರಿಯ ನ್ಯಾಯಾಲಯ ಅಪರಿಚಿತವೇನಲ್ಲ. ಗೇಣಿಯ ವ್ಯಾಜ್ಯಗಳಿಗಾಗಿ ಅವರು ಅದರ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಿದ್ದರು. ಬ್ರಜಕಿಶೋರ ಪ್ರಸಾದರಂತಹ ವಕೀಲರು ಅವರ ಪರವಾಗಿ ನಿಷ್ಠೆಯಿಂದ ವಾದಿಸುತ್ತಿದ್ದರು. ಆದರೆ ಒಂದು ಮೊಕದ್ದಮೆ ಗೆದ್ದರೂ ಹಳ್ಳಿಗೆ ಮರಳಿದ ರೈತ ಮತ್ತೆ ಅದೇ ಒಡೆಯನ ಕೈಕೆಳಗೆ ಬದುಕಬೇಕಿತ್ತು. ಮುಜಫ್ಫರಪುರದಲ್ಲಿ ವಕೀಲರೊಡನೆ ನಡೆಸಿದ ಮಾತುಕತೆಯಲ್ಲಿ ಗಾಂಧಿ ಇದನ್ನೇ ಎತ್ತಿ ಹೇಳಿದರು. ವಕೀಲರು ಪಡೆಯುತ್ತಿದ್ದ ಶುಲ್ಕದ ಮೊತ್ತ ಕೇಳಿ ಅವರಿಗೆ ಅಚ್ಚರಿಯಾಗಿತ್ತು. ಇಷ್ಟೊಂದು ತುಳಿತಕ್ಕೊಳಗಾಗಿ ಭಯದಲ್ಲಿ ಬದುಕುವವರಿಗೆ ಮೊಕದ್ದಮೆಗಳಿಂದ ಪ್ರಯೋಜನವಿಲ್ಲ, ಅವರ ಎದೆಯ ಭಯವನ್ನು ಕಳೆಯುವುದೇ ನಿಜವಾದ ಪರಿಹಾರ ಎಂಬುದು ಅವರ ತೀರ್ಮಾನವಾಗಿತ್ತು. ವಕೀಲರಿಂದ ಅವರು ಬಯಸಿದ್ದು ಗುಮಾಸ್ತರ ಮತ್ತು ದುಭಾಷಿಗಳ ಕೆಲಸ. ಅಗತ್ಯ ಬಿದ್ದರೆ ಸೆರೆಮನೆಗೂ ಸಿದ್ಧರಿರಬೇಕೆಂದು ಕೇಳಿಕೊಂಡರು.

ಆನೆಯ ಮೇಲಿಂದ ನ್ಯಾಯಾಲಯಕ್ಕೆ

ಕದ್ದುಮುಚ್ಚಿ ತನಿಖೆ ನಡೆಸುವುದು ಗಾಂಧೀಜಿಯವರ ರೀತಿಯಲ್ಲ. ತೋಟದ ಒಡೆಯರ ಸಂಘದ ಕಾರ್ಯದರ್ಶಿಯನ್ನೂ ತಿರಹುತ್ ವಿಭಾಗದ ಕಮಿಷನರ್ ಮಾರ್ಸ್‌ಹೆಡ್ ಅವರನ್ನೂ ಮೊದಲೇ ಕಂಡು ತಮ್ಮ ಉದ್ದೇಶ ತಿಳಿಸಿದರು. ಒಡೆಯರ ಸಂಘದವರು, ರೈತರ ವಿಷಯಕ್ಕೆ ಹೊರಗಿನವರು ಬರುವ ಅಗತ್ಯವಿಲ್ಲ ಎಂದರು. ಕಮಿಷನರು ಕೂಡಲೇ ಹಿಂದಿರುಗುವಂತೆ ಗದರಿಸಿದರು. ಬಂಧನ ಖಚಿತವೆಂದು ಅರಿತ ಗಾಂಧಿ, ಆಗುವುದಿದ್ದರೆ ಅದು ರೈತರ ನಡುವೆ ಚಂಪಾರಣ್‌ನಲ್ಲೇ ಆಗಲಿ ಎಂದು ಏಪ್ರಿಲ್ 15ರಂದು ಮೋತಿಹಾರಿಗೆ ಬಂದು, ವಕೀಲ ಗೋರಖ್ ಪ್ರಸಾದರ ಮನೆಯಲ್ಲಿ ಇಳಿದುಕೊಂಡರು.

ಮರುದಿನ ಜಸೌಲಿಪಟ್ಟಿ ಎಂಬ ಹಳ್ಳಿಯಲ್ಲಿ ಗೇಣಿದಾರನೊಬ್ಬನ ಮೇಲೆ ನಡೆದ ದೌರ್ಜನ್ಯವನ್ನು ನೋಡಲು ಧರಣೀಧರ ಪ್ರಸಾದ್ ಮತ್ತು ರಾಮನವಮಿ ಪ್ರಸಾದ್ ಅವರೊಂದಿಗೆ ಆನೆಯ ಮೇಲೆ ಹೊರಟರು. ದಾರಿಯಲ್ಲೇ ಜಿಲ್ಲಾಧಿಕಾರಿಗಳ ಕರೆ ಬಂದಿತು. ಜೊತೆಗಾರರಿಬ್ಬರನ್ನೂ ಹಳ್ಳಿಗೆ ಮುಂದಕ್ಕೆ ಕಳುಹಿಸಿ ಗಾಂಧಿ ಮೋತಿಹಾರಿಗೆ ಮರಳಿದರು. ಅಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಹೇಕಾಕ್ ಅವರ ಆದೇಶ ಕಾದಿತ್ತು. ನಿಷೇಧಾಜ್ಞೆಯ ಹೆಸರಿನಲ್ಲಿ ಕನ್ನಡಿಗರಿಗೂ ಚಿರಪರಿಚಿತವಾಗಿದ್ದ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನಡಿ, ಲಭ್ಯವಿರುವ ಮೊದಲ ರೈಲಿನಲ್ಲೇ ಜಿಲ್ಲೆ ಬಿಟ್ಟು ಹೋಗಬೇಕೆಂದು ಅದರಲ್ಲಿ ವಿಧಿಸಲಾಗಿತ್ತು.

ಆದೇಶ ಪಾಲಿಸುವುದಿಲ್ಲವೆಂದು ಗಾಂಧಿ ಬರೆದು ಕೊಟ್ಟರು. ಭಾರತೀಯ ದಂಡ ಸಂಹಿತೆಯ 188ನೇ ಕಲಮಿನಡಿ ಏಪ್ರಿಲ್ 18ರಂದು ಹಾಜರಾಗುವಂತೆ ಸಮನ್ಸ್ ಬಂದಿತು. ದೇಶದ ಗಣ್ಯರಿಗೆ ತಂತಿ ಕಳುಹಿಸಿ, ಪತ್ರ ಬರೆದು, ಗಾಂಧಿ ಸೆರೆವಾಸಕ್ಕೆ ಸಿದ್ಧರಾದರು. ದಕ್ಷಿಣ ಆಫ್ರಿಕಾದ ಸೇವೆಗಾಗಿ ಸರ್ಕಾರ ಕೊಟ್ಟಿದ್ದ ಕೈಸರ್-ಇ-ಹಿಂದ್ ಪದಕವನ್ನು ಹಿಂದಿರುಗಿಸುವ ಇಂಗಿತವನ್ನೂ ವೈಸರಾಯರ ಕಚೇರಿಗೆ ತಿಳಿಸಿದರು.

ಅವರು ಸೆರೆಮನೆ ಸೇರಿದರೆ ಮುಂದೇನು ಎಂಬ ಪ್ರಶ್ನೆ ಜೊತೆಯಲ್ಲಿದ್ದ ಇಬ್ಬರು ವಕೀಲರಿಗೆ ಎದುರಾಯಿತು. ಅವರು ದುಭಾಷಿಗಳಾಗಿ ಬಂದವರು, ಸೆರೆಮನೆಯ ವಿಚಾರ ಅವರ ಮನೆಗಳಲ್ಲಿ ಯಾರೂ ಎಣಿಸಿದ್ದಲ್ಲ. ಎಲ್ಲಿಂದಲೋ ಬಂದ ಅಪರಿಚಿತರೊಬ್ಬರು ಚಂಪಾರಣ್‌ನ ರೈತರಿಗಾಗಿ ಸೆರೆ ಸೇರುವಾಗ ತಾವು ಮನೆಗೆ ಮರಳುವುದು ಹೇಗೆ ಎಂಬ ಚಿಂತೆ ಅವರನ್ನು ಕಾಡಿತು. ಕೊನೆಗೆ, ಕೆಲಸ ಮುಂದುವರಿಸುವುದಾಗಿಯೂ ಅದಕ್ಕಾಗಿ ಸೆರೆಗೆ ಹೋಗಲೂ ಸಿದ್ಧವೆಂದೂ ಅವರು ತಿಳಿಸಿದರು. ವಿಚಾರಣೆಯ ದಿನವೇ ಮೋತಿಹಾರಿ ತಲುಪಿದ ಬ್ರಜಕಿಶೋರ ಪ್ರಸಾದ್, ರಾಜೇಂದ್ರ ಪ್ರಸಾದ್ ಮತ್ತು ಮಜಹರುಲ್ ಹಕ್ ಕೂಡ ಅದೇ ನಿರ್ಧಾರಕ್ಕೆ ಬಂದರು. ಆಗ ಪಟ್ನಾ ಹೈಕೋರ್ಟಿನಲ್ಲಿ ವಕೀಲರಾಗಿದ್ದ ರಾಜೇಂದ್ರ ಪ್ರಸಾದ್ 1950ರಲ್ಲಿ ಭಾರತದ ಮೊದಲ ರಾಷ್ಟ್ರಪತಿಯಾದರು.

ಆ ಮಧ್ಯಾಹ್ನ

ಏಪ್ರಿಲ್ 18ರ ಬೆಳಗಿನಿಂದಲೇ ಸುತ್ತಲ ಹಳ್ಳಿಗಳಿಂದ ಸಾವಿರಾರು ರೈತರು ಮೋತಿಹಾರಿಗೆ ಬಂದು ಸೇರಿದರು. ಅವರಲ್ಲಿ ಹೆಚ್ಚಿನವರಿಗೆ ಗಾಂಧಿ ಯಾರೆಂದೇ ತಿಳಿದಿರಲಿಲ್ಲ. ಕಾಂಗ್ರೆಸ್ಸಿನ ಹೆಸರನ್ನೂ ಅವರು ಕೇಳಿರಲಿಲ್ಲ. ತಮ್ಮ ಕಷ್ಟ ವಿಚಾರಿಸಲು ಬಂದವರೊಬ್ಬರನ್ನು ಸರ್ಕಾರ ಶಿಕ್ಷಿಸಲಿದೆ ಎಂಬಷ್ಟೇ ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹರಡಿತ್ತು. ಒಳನುಗ್ಗಿದ ಜನಸಂದಣಿಗೆ ನ್ಯಾಯಾಲಯದ ಬಾಗಿಲುಗಳ ಗಾಜು ಒಡೆಯಿತು. ಗೊಂದಲಕ್ಕೊಳಗಾದ ಅಧಿಕಾರಿಗಳಿಗೆ ಜನರನ್ನು ಸಮಾಧಾನಪಡಿಸಲು ನೆರವಾದವರು ಸ್ವತಃ ಆರೋಪಿಯೇ.

ಮ್ಯಾಜಿಸ್ಟ್ರೇಟ್ ಜಾರ್ಜ್ ಚಾಂಡರ್ ಅವರ ಮುಂದೆ ವಿಚಾರಣೆ ಆರಂಭವಾದಾಗ ಸರ್ಕಾರಿ ವಕೀಲರು ಪ್ರಕರಣವನ್ನು ಮುಂದೂಡುವಂತೆ ಕೋರಿದರು. ಮೇಲಧಿಕಾರಿಗಳ ಅಭಿಪ್ರಾಯ ತಿಳಿಯದೆ ಮುಂದುವರಿಯಲು ಯಾರಿಗೂ ಧೈರ್ಯವಿರಲಿಲ್ಲ. ಮುಂದೂಡುವ ಅಗತ್ಯವಿಲ್ಲ, ಆದೇಶ ಉಲ್ಲಂಘಿಸಿದ್ದನ್ನು ಒಪ್ಪಿಕೊಳ್ಳುತ್ತೇನೆ ಎಂದ ಗಾಂಧಿ, ತಮ್ಮ ಕಿರುಹೇಳಿಕೆಯನ್ನು ಓದಿದರು. ಕಾನೂನು ಪಾಲಿಸುವ ಪ್ರಜೆಯಾಗಿ ಆದೇಶಕ್ಕೆ ಮಣಿಯುವುದು ತಮ್ಮ ಸಹಜ ಪ್ರವೃತ್ತಿಯೆಂದೂ, ಆದರೆ ತಮ್ಮನ್ನು ಕರೆಸಿಕೊಂಡವರ ಬಗೆಗಿನ ಕರ್ತವ್ಯ ಅದಕ್ಕೆ ಅಡ್ಡ ಬಂದಿದೆಯೆಂದೂ ಅವರು ವಿವರಿಸಿದರು. ತಮ್ಮ ನಡೆ ಸರ್ಕಾರದ ಮೇಲಿನ ಅಗೌರವದಿಂದ ಬಂದದ್ದಲ್ಲ, ಅಂತಃಸಾಕ್ಷಿಯ ಆಣತಿಗೆ ಒಳಪಟ್ಟು ಬಂದದ್ದು ಎಂದು ಹೇಳಿ, ವಿಧಿಸುವ ಶಿಕ್ಷೆಯನ್ನು ಆಕ್ಷೇಪವಿಲ್ಲದೆ ಅನುಭವಿಸುವುದಾಗಿ ತಿಳಿಸಿದರು.

ನ್ಯಾಯಾಲಯಕ್ಕೆ ಇದು ಇಕ್ಕಟ್ಟಿನ ಸ್ಥಿತಿ. ಆರೋಪಿ ತಪ್ಪು ಒಪ್ಪಿಕೊಂಡ ಮೇಲೆ ವಿಚಾರಣೆಗೆ ಏನೂ ಉಳಿದಿರಲಿಲ್ಲ, ಶಿಕ್ಷೆ ವಿಧಿಸಬೇಕಷ್ಟೆ. ಹೊರಗೆ ಸಾವಿರಾರು ಜನ ಕಾದಿದ್ದರು. ಮ್ಯಾಜಿಸ್ಟ್ರೇಟರು ಮಧ್ಯಾಹ್ನ ಮೂರು ಗಂಟೆಯವರೆಗೆ ಕಲಾಪ ಮುಂದೂಡಿದರು. ಬಳಿಕ ನೂರು ರೂಪಾಯಿ ಜಾಮೀನು ಕೇಳಿದರು. ಜಾಮೀನು ಕೊಡುವವರು ಯಾರೂ ಇಲ್ಲವೆಂದು ಗಾಂಧಿ ಹೇಳಿದಾಗ ಸ್ವಂತ ಹೊಣೆಯ ಮೇಲೆ ಬಿಡುಗಡೆ ಮಾಡಿದರು. ತೀರ್ಪನ್ನು ಏಪ್ರಿಲ್ 21ಕ್ಕೆ ಕಾಯ್ದಿರಿಸಲಾಯಿತು.

ಆ ತೀರ್ಪು ಹೊರಬೀಳಲೇ ಇಲ್ಲ. ಬಿಹಾರ ಮತ್ತು ಒರಿಸ್ಸಾ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಎಡ್ವರ್ಡ್ ಗೇಟ್ ಪ್ರಕರಣ ಹಿಂತೆಗೆದುಕೊಳ್ಳುವಂತೆ ಸೂಚಿಸಿದರು. ತನಿಖೆ ನಡೆಸಲು ಗಾಂಧಿಯವರಿಗೆ ಅವಕಾಶ ದೊರೆಯಿತು. ಅಧಿಕಾರಿಗಳು ಬೇಕಾದ ನೆರವು ನೀಡುವುದಾಗಿಯೂ ತಿಳಿಸಿದರು.

ಬರಹಕ್ಕಿಳಿದ ಸಂಕಟ

ಮುಂದಿನ ವಾರಗಳಲ್ಲಿ ಚಂಪಾರಣ್‌ನ ರೈತರು ಸಾಲುಗಟ್ಟಿ ಬಂದು ಹೇಳಿಕೆ ಕೊಟ್ಟರು. ಸುಮಾರು 8,000 ಮಂದಿಯ ಹೇಳಿಕೆಗಳನ್ನು ವಕೀಲರು ಬರೆದುಕೊಂಡರು. ಪ್ರತಿಯೊಬ್ಬನನ್ನೂ ಪಾಟೀಸವಾಲಿಗೆ ಒಳಪಡಿಸಿ, ಉತ್ಪ್ರೇಕ್ಷೆ ಎನಿಸಿದ್ದನ್ನು ಕೈಬಿಡಬೇಕೆಂಬುದು ಗಾಂಧೀಜಿಯವರ ಕಟ್ಟಪ್ಪಣೆ. ಗುಪ್ತಚರ ಪೊಲೀಸರು ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳಲು ಅಡ್ಡಿಯಿರಲಿಲ್ಲ. ಪೊಲೀಸರ ಎದುರೇ ಒಡೆಯನ ಹೆಸರು ಹೇಳಿ ದೂರು ಬರೆಸುವಷ್ಟು ಧೈರ್ಯ ಆ ರೈತರಿಗೆ ಬಂದದ್ದು ಏಪ್ರಿಲ್ 18ರ ನಂತರ. ಸರ್ಕಾರದ ಆದೇಶ ಮೀರಿದವರೊಬ್ಬರು ನ್ಯಾಯಾಲಯದಿಂದ ನಡೆದು ಹೊರಬಂದದ್ದನ್ನು ಅವರು ಕಂಡಿದ್ದರು.

ಬದಲಾವಣೆ ವಕೀಲರ ಬಾಳಿನಲ್ಲೂ ಆಯಿತು. ಆಳುಗಳನ್ನೂ ಬೇರೆ ಬೇರೆ ಅಡುಗೆಯವರನ್ನೂ ಜೊತೆಗಿಟ್ಟುಕೊಂಡು ಬಂದಿದ್ದ ಅವರಿಗೆ ಗಾಂಧಿ ಒಂದೇ ಅಡುಗೆ ಮನೆಯ ಪಾಠ ಹೇಳಿದರು. ಜಾತಿಯ ಕಟ್ಟು ಮೀರಿ ಎಲ್ಲರೂ ಒಟ್ಟಿಗೆ ಉಣ್ಣತೊಡಗಿದರು, ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಕಲಿತರು.

ಜೂನ್ ತಿಂಗಳಲ್ಲಿ ಸರ್ಕಾರ ಫ್ರಾಂಕ್ ಸ್ಲೈ ಅವರ ಅಧ್ಯಕ್ಷತೆಯಲ್ಲಿ ತನಿಖಾ ಸಮಿತಿ ನೇಮಿಸಿತು. ರೈತರ ಪ್ರತಿನಿಧಿಯಾಗಿ ಗಾಂಧಿ ಅದರ ಸದಸ್ಯರಾದರು. ತೀನ್ ಕಠಿಯಾ ಪದ್ಧತಿ ರದ್ದಾಗಬೇಕು, ಏರಿಸಿದ ಗೇಣಿ ಇಳಿಯಬೇಕು, ತಾವಾನ್ ಮೊತ್ತದ ಶೇಕಡ 25ರಷ್ಟನ್ನು ಹಿಂದಿರುಗಿಸಬೇಕು ಎಂದು ಸಮಿತಿ ಅಕ್ಟೋಬರಿನಲ್ಲಿ ಶಿಫಾರಸು ಮಾಡಿತು. 1918ರ ಚಂಪಾರಣ್ ಕೃಷಿ ಕಾಯಿದೆ ಆ ಪದ್ಧತಿಗೆ ಕೊನೆ ಹಾಡಿತು. ಕಾಲು ಭಾಗ ಮಾತ್ರ ಹಿಂದಿರುಗಿಸಲು ಗಾಂಧಿ ಒಪ್ಪಿದ್ದು ಕೆಲವರಿಗೆ ಕೊರತೆಯಾಗಿ ಕಂಡಿತು. ಆದರೆ ಮೊತ್ತ ಅವರಿಗೆ ಮುಖ್ಯವಾಗಿರಲಿಲ್ಲ. ಪಡೆದದ್ದನ್ನು ಒಡೆಯರು ಒಮ್ಮೆ ಹಿಂದಿರುಗಿಸಿದರೆ ಅವರ ದರ್ಪ ಉಳಿಯದು ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಬೆಳಗಾವಿಯಿಂದ ಹೋದವರು

ಕಾಯಿದೆಯಿಂದಷ್ಟೇ ಹಳ್ಳಿಗಳ ಬದುಕು ಹಸನಾಗದು ಎಂದು ಅರಿತಿದ್ದ ಗಾಂಧಿ ಚಂಪಾರಣ್‌ನಲ್ಲಿ ಶಾಲೆಗಳನ್ನು ತೆರೆದರು. ಮೊದಲ ಶಾಲೆ 1917ರ ನವೆಂಬರಿನಲ್ಲಿ ಬಡಹರವಾ ಲಖನಸೇನ್ ಎಂಬಲ್ಲಿ ಆರಂಭವಾಯಿತು. ಅದೇ ತಿಂಗಳು ಭಿತಿಹರವಾದಲ್ಲಿ, 1918ರ ಜನವರಿಯಲ್ಲಿ ಮಧುಬನದಲ್ಲಿ ಇನ್ನೆರಡು ಶಾಲೆಗಳು ತೆರೆದವು. ಅಕ್ಷರದ ಜೊತೆಗೆ ಶುಚಿತ್ವ ಮತ್ತು ಔಷಧೋಪಚಾರ ಅಲ್ಲಿನ ಪಾಠಗಳಾಗಿದ್ದವು. ಕಸ್ತೂರಬಾ ಅವರೂ ಬಂದು ಹಳ್ಳಿಯ ಹೆಂಗಸರ ನಡುವೆ ಕೆಲಸ ಮಾಡಿದರು.

ಸಂಬಳವಿಲ್ಲದೆ ದುಡಿಯುವ ಶಿಕ್ಷಕರು ಬೇಕೆಂಬ ಗಾಂಧೀಜಿಯವರ ಕರೆಗೆ ಓಗೊಟ್ಟವರಲ್ಲಿ ಬೆಳಗಾವಿಯ ಮುಖಂಡ ಗಂಗಾಧರರಾವ್ ದೇಶಪಾಂಡೆ ಒಬ್ಬರು. ಅವರು ಬಾಬಾಸಾಹೇಬ್ ಸೋಮಣ್ ಮತ್ತು ಪುಂಡಲೀಕ ಕಾತಗಡೆ ಅವರನ್ನು ಚಂಪಾರಣ್‌ಗೆ ಕಳುಹಿಸಿಕೊಟ್ಟರು. ನೇಪಾಳದ ತಪ್ಪಲಿನ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದವರಲ್ಲಿ ಬೆಳಗಾವಿಯಿಂದ ಹೋದವರೂ ಇದ್ದರು ಎಂಬುದು ಇಲ್ಲಿ ಹೆಚ್ಚು ಪ್ರಚಾರಕ್ಕೆ ಬಾರದ ಸಂಗತಿ.

ಮತ್ತೊಮ್ಮೆ ತಪ್ಪೊಪ್ಪಿಗೆ

ಮೋತಿಹಾರಿಯಲ್ಲಿ ಸಿಗದ ಶಿಕ್ಷೆ ಐದು ವರ್ಷಗಳ ನಂತರ ಅಹಮದಾಬಾದಿನಲ್ಲಿ ಸಿಕ್ಕಿತು. ರಾಜದ್ರೋಹದ ಲೇಖನಗಳಿಗಾಗಿ ಬಂಧಿತರಾದ ಗಾಂಧಿ ತಮ್ಮ ವೃತ್ತಿಯನ್ನು ರೈತ ಮತ್ತು ನೇಕಾರ ಎಂದು ಬರೆಸಿದರು. 1922ರ ಮಾರ್ಚ್ 18ರಂದು ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಅವರ ಮುಂದೆ ಮತ್ತೆ ತಪ್ಪೊಪ್ಪಿಕೊಂಡು ಕಾನೂನಿನ ಅತ್ಯಧಿಕ ಶಿಕ್ಷೆಯನ್ನೇ ಕೇಳಿದರು. ಆರು ವರ್ಷಗಳ ಸೆರೆವಾಸ ವಿಧಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಇನ್ನರ್ ಟೆಂಪಲ್ ಅವರ ಹೆಸರನ್ನು ಬ್ಯಾರಿಸ್ಟರುಗಳ ಪಟ್ಟಿಯಿಂದ ತೆಗೆದುಹಾಕಿತು.

ಅನಾರೋಗ್ಯದ ನಿಮಿತ್ತ 1924ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಅವರು ಅದೇ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅವರು ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು ಅದೊಂದೇ ಸಲ. ಅಧಿವೇಶನವನ್ನು ಮುಂದೆ ನಿಂತು ನಡೆಸಿಕೊಟ್ಟವರು, ಏಳು ವರ್ಷಗಳ ಹಿಂದೆ ಚಂಪಾರಣ್‌ಗೆ ಶಿಕ್ಷಕರನ್ನು ಕಳುಹಿಸಿದ್ದ ಗಂಗಾಧರರಾವ್ ದೇಶಪಾಂಡೆಯವರೇ.

1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿ ಹತರಾದರು. ಬ್ಯಾರಿಸ್ಟರುಗಳ ಪಟ್ಟಿಗೆ ಅವರ ಹೆಸರು ಮರಳಿದ್ದು ಅದಾಗಿ ನಲವತ್ತು ವರ್ಷಗಳ ನಂತರ, 1988ರಲ್ಲಿ.

ಮೋತಿಹಾರಿಯಲ್ಲಿ ಅಂದು ಅವರನ್ನು ನಿಲ್ಲಿಸಿದ್ದ ಕಾನೂನುಗಳೂ ಈಗ ಇಲ್ಲ. 2024ರ ಜುಲೈ 1ರಿಂದ ದಂಡ ಸಂಹಿತೆ ಮತ್ತು ದಂಡ ಪ್ರಕ್ರಿಯಾ ಸಂಹಿತೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದಿವೆ. ನಿಷೇಧಾಜ್ಞೆ ಹೊರಡಿಸುವ ಅಧಿಕಾರ ಮಾತ್ರ ಬೇರೆ ಕಲಮಿನ ಹೆಸರಿನಲ್ಲಿ ಮುಂದುವರಿದಿದೆ. ಮೂವತ್ತು ರೂಪಾಯಿಯ ಮೊಕದ್ದಮೆಯಲ್ಲಿ ಮಾತು ಹೊರಡದೆ ಕುಳಿತುಬಿಟ್ಟಿದ್ದ ವಕೀಲ, ಭಯದಲ್ಲಿ ಬದುಕುತ್ತಿದ್ದ ರೈತರ ಪರವಾಗಿ ಎದ್ದು ನಿಂತು ಹೇಳಿಕೆ ಓದಿದ ಸ್ಥಳವನ್ನು ಚುನಾರ್ ಕಲ್ಲಿನ ಆ ಸ್ತಂಭ ಇಂದಿಗೂ ಗುರುತಿಸುತ್ತದೆ.